ಹಳದಿ ಕಾರಿನಲ್ಲಿ ಕೂತವನ ಮುಖ

"ಇದನ್ನ ನೀವು ಓಡಿಸ್ಬೇಡಿ ಡಾಕ್ಟ್ರೇ," ಎಂದ ಟಿಂಕರಿಂಗ್ ಮೇಸ್ತ್ರಿ. "ಬಣ್ಣ ಕೇಳಿದ್ರಿ, ಹೊಡೆದುಕೊಟ್ಟಿದೀನಿ. ಶೆಡ್ಡಲ್ಲಿ ನಿಲ್ಸಿ ನೋಡ್ಕೊಂಡಿರಿ. ಸ್ಟೇರಿಂಗ್ ಹಿಂದೆ ಮಾತ್ರ ಕೂರ್ಬೇಡಿ."

ಡಾಕ್ಟರ್ ನಕ್ಕ. ವರ್ಕ್‌ಶಾಪಿನಲ್ಲಿ ಥಿನ್ನರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಎದುರಿಗೆ ಹಳದಿ ಸ್ಪೋರ್ಟ್ಸ್ ಕಾರು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಮೃಗದ ಹಾಗೆ ನಿಂತಿತ್ತು. ಆರು ವರ್ಷ ಟಾರ್ಪಾಲಿನಡಿ ಇದ್ದ ಕಾರು ಅದು. ಕಣ್ಣಿನ ಆಸ್ಪತ್ರೆಯ ಕೆಲಸ ಹಿಡಿದು ಈ ಊರಿಗೆ ಬಂದ ಮೂರನೇ ತಿಂಗಳಿಗೆ, ಹಿಂದಿನ ಯಜಮಾನನ ತಂಗಿಯಿಂದ ಅವನು ಅದನ್ನು ಕೊಂಡಿದ್ದ. ಚಿಕ್ಕಂದಿನಲ್ಲಿ ಉಂಗುಷ್ಟ ಕಿತ್ತ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡು ಶಾಲೆಗೆ ನಡೆಯುವಾಗ ಇಂಥದ್ದೊಂದು ಕಾರು ಅವನ ಮೇಲೆ ಕೆಸರು ಹಾರಿಸಿಕೊಂಡು ಹೋಗಿತ್ತು. ಅವತ್ತೇ ಆಸೆ ಬೇರು ಬಿಟ್ಟಿತ್ತು.

"ಏನಂತೆ ಇದಕ್ಕೆ?"

ಮೇಸ್ತ್ರಿ ಸುತ್ತ ನೋಡಿ ದನಿ ತಗ್ಗಿಸಿದ. "ಹಿಂದಿನವರು ಇದನ್ನ ಒಂದು ಹುಡುಗಿ ಮೇಲೆ ಹತ್ತಿಸಿದ್ರು. ಕೋರ್ಟಲ್ಲಿ ಬಿಟ್ಬಿಟ್ರು. ಹುಡುಗಿ ತಾಯಿ ಬಟ್ಟೆ ಹೊಲಿಯೋಳು. ತೀರ್ಪಿನ ದಿನ ಅಳ್ಲಿಲ್ಲ, ಕೂಗಾಡ್ಲಿಲ್ಲ. ಸುಮ್ನೆ ಎದ್ದು ಹೋದ್ಳು. ಆಮೇಲೆ ಏನೋ ಮಾಟ ಮಾಡಿದಾಳೆ. ಒಂದಿನ ಮಟಮಟ ಮಧ್ಯಾಹ್ನ, ಸಿಗ್ನಲ್ಲಲ್ಲಿ ನಿಂತಿದ್ದಾಗ, ಜನ ಅವರನ್ನ ಎಳೆದು ಹಾಕಿ ಸಾಯೋ ಹಾಗೆ ಹೊಡೆದ್ರು. ಯಾಕ್ರಪ್ಪಾ ಹೊಡೆದ್ರಿ ಅಂತ ಪೊಲೀಸ್ನೋರು ಕೇಳಿದ್ರೆ, ಒಬ್ಬೊಬ್ಬರು ಒಂದೊಂದು ಹೇಳಿದ್ರಂತೆ."

ಅವನು ಚಾಲಕನ ಸೀಟಿನ ಹೊಲಿಗೆ ಬಿಚ್ಚಿದ ಜಾಗ ತೋರಿಸಿದ. ಒಳಗೆ ಹೆಬ್ಬೆರಳುದ್ದದ ಬಟ್ಟೆಯ ಬೊಂಬೆ. ಕೈಕಾಲು ಇತ್ತು, ಕೂದಲಿತ್ತು, ಮನುಷ್ಯರದ್ದೇ ಕೂದಲು. ಮುಖ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಮರೆತ ಬಟ್ಟೆಯ ಕಮಟು ಅದರಿಂದ ಬರುತ್ತಿತ್ತು.

"ನಾನು ಮುಟ್ಲಿಲ್ಲ," ಎಂದ ಮೇಸ್ತ್ರಿ. "ಜನರ ದೃಷ್ಟಿ ಸರಿಯಿಲ್ಲ ಡಾಕ್ಟ್ರೇ ಈ ಕಾರಿನ ಮೇಲೆ."

"ದೃಷ್ಟಿ ವಿಷಯ ನನಗೇ ಹೇಳ್ತೀಯಲ್ಲ ಮಾರಾಯ. ದಿನಕ್ಕೆ ಅರವತ್ತು ಜನರ ದೃಷ್ಟಿ ಪರೀಕ್ಷೆ ಮಾಡೋನು ನಾನು. ಸರಿಯಿಲ್ದಿದ್ರೆ ಕನ್ನಡಕ ಬರ್ಕೊಡ್ತೀನಿ, ಕಳ್ಸು."

ಬೊಂಬೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಒಳಗೆ ಮುರಿದ ಸೂಜಿಯಿತ್ತೇನೋ, ಹೆಬ್ಬೆರಳಿಗೆ ಚುಚ್ಚಿತು. ಒಂದು ಹನಿ ರಕ್ತ ಬಟ್ಟೆಗೆ ಇಳಿದು ಆರಿತು. ಅವನು ಬೊಂಬೆಯನ್ನು ಹಳೇ ಆಯಿಲ್ಲಿನ ಡ್ರಮ್ಮಿಗೆ ಎಸೆದು, ಕರ್ಚೀಫಿಗೆ ಕೈ ಒರೆಸಿಕೊಂಡು, ಕಾರು ಹತ್ತಿದ. ಮೇಸ್ತ್ರಿ ಕಣ್ಣೆತ್ತಿ ನೋಡದೆ ನಲ್ಲಿಯ ಕಡೆ ನಡೆದ.

ಮನೆಯಲ್ಲಿ ಅಕ್ಕ ಇದ್ದಳು. ಅವನಿಗೆ ಒಂಬತ್ತು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಹತ್ತೊಂಬತ್ತರ ಅಕ್ಕ ಔಷಧಿ ಅಂಗಡಿಯಲ್ಲಿ ಮಾತ್ರೆ ಕಟ್ಟಿಕೊಡುತ್ತ ಅವನನ್ನು ಡಾಕ್ಟರ್ ಮಾಡಿದಳು. ಮದುವೆ ಆಗಲಿಲ್ಲ. ಅವನು ಹೋದ ಊರಿಗೆಲ್ಲ ಬಂದಳು. ಕಾರು ನೋಡಿ ಸೆರಗಿಗೆ ಕೈ ಒರೆಸಿಕೊಂಡು, "ಚೆನ್ನಾಗಿದೆ," ಎಂದಳು.

"ಬಾ, ಒಂದು ಸುತ್ತು ಹೋಗೋಣ."

"ಅಷ್ಟು ಕೆಳಗೆ ಕೂತರೆ ನನ್ನ ಮಂಡಿ ಏಳಲ್ಲಪ್ಪ. ನೀನು ಹೋಗು."

ಕಾರಿನ ಶೆಡ್ಡು ಹಿಂದಿನ ಗಲ್ಲಿಯಲ್ಲಿತ್ತು. ಅವನು ಹೋಗುವುದು ಬರುವುದು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೂರನೇ ದಿನ, ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದ, ಒಳಗೆ ಬಗ್ಗಿ ನೋಡಿದ, ಗಾಜಿನ ಮೇಲೆ ಕ್ಯಾಕರಿಸಿ ಉಗಿದ. ಆರನೇ ದಿನ ಬಸ್ಸಿನ ಕಿಟಕಿಯಿಂದ ಹೆಂಗಸೊಬ್ಬಳು ಕೈಯಲ್ಲಿದ್ದ ನೀರಿನ ಬಾಟಲಿ ಬೀಸಿದಳು. ಆಮೇಲೆ ಲಾರಿಯವನೊಬ್ಬ ದಾರಿ ಬಿಡದೆ ಮೈಲಿಗಟ್ಟಲೆ ಸತಾಯಿಸಿದ. ಪಾರ್ಕಿಂಗಿನಲ್ಲಿ ಯಾರೋ ಬಾಗಿಲಿನುದ್ದಕ್ಕೂ ಮೊಳೆಯಿಂದ ಗೀರಿದರು.

"ಹೊಟ್ಟೆಕಿಚ್ಚು ಸ್ವಾಮಿ," ಎಂದರು ಜೊತೆಯ ಡಾಕ್ಟರೊಬ್ಬರು. "ಇಂಥ ಕಾರು ಇಟ್ಕೊಂಡೋರ ಹಣೆಬರಹ. ಸ್ವಲ್ಪ ತಗ್ಗಿ ಬಗ್ಗಿ ಓಡಿಸಿ."

ಅವನು ತಗ್ಗಿದ. ಹಾರ್ನ್ ಮಾಡುವುದನ್ನೇ ಬಿಟ್ಟ. ರಸ್ತೆ ದಾಟುವವರಿಗೆಲ್ಲ ನಿಂತು ದಾರಿ ಕೊಟ್ಟ. ಇಂಜಿನ್ ಗುಡುಗದ ಹಾಗೆ ಆಮೆಯಂತೆ ತೆವಳಿಸಿದ. ಗಾಜು ಇಳಿಸಿ ಮುಗುಳ್ನಕ್ಕ. ನಕ್ಕಷ್ಟೂ ಜನ ಉರಿದುಬಿದ್ದರು. ಕಪ್ಪು ಕನ್ನಡಕ ಹಾಕಿದ; ಅದರಿಂದಲೂ ಏನೂ ಆಗಲಿಲ್ಲ. ಒಂದು ವಿಚಿತ್ರ ಅವನ ಗಮನಕ್ಕೆ ಬಂತು. ಯಾರೂ ಕಾರು ನೋಡಿ ಸಿಟ್ಟಾಗುತ್ತಿರಲಿಲ್ಲ. ಕಾರು ನೋಡಿ ಕಣ್ಣರಳಿಸಿ ಹತ್ತಿರ ಬರುತ್ತಿದ್ದರು. ಬಗ್ಗಿ ಅವನ ಮುಖ ನೋಡುತ್ತಿದ್ದರು. ಆಮೇಲೆ ಹಲ್ಲು ಕಚ್ಚುತ್ತಿದ್ದರು. ಆ ಹೊತ್ತಿಗೆ ಕಾರಿನೊಳಗೆ ಸುಟ್ಟ ಬಟ್ಟೆಯ ಕಮಟು ಏಳುತ್ತಿತ್ತು. ಎಷ್ಟು ಸೆಂಟು ಹೊಡೆದರೂ ಹೋಗುತ್ತಿರಲಿಲ್ಲ.

ಮೂವತ್ತೊಂಬತ್ತನೇ ದಿನ ಒಬ್ಬ ಮುದುಕ ಕೋಲು ಎತ್ತಿದ.

ನಿವೃತ್ತ ಪೋಸ್ಟ್‌ಮ್ಯಾನ್ ಅವರು. ಹಿಂದಿನ ವಾರವಷ್ಟೇ ಡಾಕ್ಟರ್ ಅವರ ಪೊರೆ ತೆಗೆದಿದ್ದ. ಪಟ್ಟಿ ಬಿಚ್ಚಿದಾಗ ಅವನ ಎರಡೂ ಕೈ ಹಿಡಿದು, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸ್ವಾಮಿ," ಎಂದಿದ್ದರು. ಆಸ್ಪತ್ರೆಯ ಗೇಟಿನಲ್ಲಿ ಕಾರು ನಿಧಾನಿಸಿದಾಗ ಅದೇ ಮುದುಕರು ಒಳಗೆ ನೋಡಿದರು. ಬಾಯಿ ಸೊಟ್ಟಗಾಯಿತು. ಊರುಗೋಲನ್ನು ಎರಡೂ ಕೈಯಲ್ಲಿ ಎತ್ತಿ ಗಾಜಿಗೆ ಬಡಿದರು. ಒಂದು ಸಲ, ಎರಡು ಸಲ. ಡಾಕ್ಟರ್ ಬಾಗಿಲು ತೆಗೆದು ಕೆಳಗಿಳಿದದ್ದೇ ಕೋಲು ಅವರ ಕೈಯಿಂದ ಜಾರಿತು.

"ನೀವಾ?" ಎಂದರು. "ನನ್ನ ಮಗ ಕೂತಿದ್ದ ಸ್ವಾಮಿ ಅಲ್ಲಿ. ನನ್ನನ್ನ ಕತ್ತು ಹಿಡಿದು ಮನೆಯಿಂದ ಆಚೆ ನೂಕಿದೋನು. ಸ್ಪಷ್ಟವಾಗಿ ಕಂಡ. ನೀವು ಕೊಟ್ಟ ಕಣ್ಣಲ್ಲೇ ನೋಡ್ದೆ."

ಆ ಕಣ್ಣನ್ನು ಅವನು ಮತ್ತೆ ಪರೀಕ್ಷಿಸಿದ. ಯಾವ ದೋಷವೂ ಇರಲಿಲ್ಲ. ಬದಿಯಲ್ಲಿ ನಿಂತ ನರ್ಸು ತಲೆಯೆತ್ತಿ ಅವನನ್ನು ನೋಡಿದಳು. ಒಂದು ಕ್ಷಣ ಬೆಚ್ಚಿ ಹಿಂದೆ ಸರಿದಳು. ಅಲ್ಲಿ ಕಾರೂ ಇರಲಿಲ್ಲ, ಸ್ಟೇರಿಂಗೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವನು ಮೇಸ್ತ್ರಿಯಿಂದ ವಿಳಾಸ ಕೇಳಿಕೊಂಡು ಹೊಲಿಯುವವಳನ್ನು ಹುಡುಕಿ ಹೋದ. ಮೆಟ್ಟಿಲ ಕೆಳಗಿನ ಕೋಣೆ. ಹೊರಗೆ ರಣಬಿಸಿಲು, ಒಳಗೆ ಕತ್ತಲು ಕಟ್ಟಿತ್ತು. ಮಿಷನ್ನಿನ ಸದ್ದು ಮಾತ್ರ ಟಕಟಕ ಬರುತ್ತಿತ್ತು. ಕಣ್ಣು ಹೊಂದಿಕೊಂಡಾಗ ಕಂಡಳು: ನರೆತ ಕೂದಲು, ಬಾಯಲ್ಲಿ ಎರಡು ಗುಂಡುಸೂಜಿ. ಗೋಡೆಗೆ ಶಾಲೆಯ ಯೂನಿಫಾರ್ಮೊಂದು ನೇತಾಡುತ್ತಿತ್ತು. ಅದರ ಅಂಚು ಕತ್ತರಿಸಿತ್ತು; ಬೊಂಬೆಯದ್ದೂ ಅದೇ ಬಟ್ಟೆ.

"ಹಳದಿ ಕಾರಿನವನು," ಎಂದಳು, ತಿರುಗದೆ. "ಬೊಂಬೆ ಕಿತ್ತೆಯಾ? ರಕ್ತ ಬಂತಾ?"

"ಬಂತು."

ಮಿಷನ್ನು ನಿಂತಿತು. ಅವಳು ಬಾಯಿಂದ ಸೂಜಿಗಳನ್ನು ತೆಗೆದಳು.

"ನನ್ನ ಜಗಳ ನಿನ್ನ ಹತ್ರ ಇರ್ಲಿಲ್ಲ. ಕೋರ್ಟಲ್ಲಿ ಆ ಮನುಷ್ಯನ ಮುಖ ನೋಡಿ ಎಲ್ರೂ ದೊಡ್ಡೋರು, ಮರ್ಯಾದಸ್ಥರು ಅಂದ್ರು. ನನಗೆ ಕಂಡ ಮುಖ ಒಬ್ಬರಿಗೂ ಕಾಣ್ಲಿಲ್ಲ. ಅದಕ್ಕೇ ಆ ಬೊಂಬೆ ಕಟ್ಟಿಸಿ ಸೀಟೊಳಗೆ ಹೊಲಿಸ್ದೆ. ಆ ಜಾಗದಲ್ಲಿ ಕೂತೋನನ್ನ ಯಾರು ನೋಡಿದ್ರೂ, ಅವರ ಬದುಕು ಹಾಳು ಮಾಡಿದೋರ ಮುಖ ಕಾಣ್ಲಿ ಅಂತ."

"ನಾನೇನು ಮಾಡಿದ್ದೆ?"

"ಕೂರ್ಬೇಡ ಅಂದಿದ್ರು. ಕೂತೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇವತ್ತಿಗೆ ಎಷ್ಟು ದಿನ?"

"ನಲವತ್ತು."

"ನಾಳೆಯಿಂದ ಅದು ಕಾರು ಬಿಟ್ಟು ಪೂರ್ತಿ ನಿನ್ನ ಮೈ ಹಿಡಿಯುತ್ತೆ. ನಡೆದು ಹೋದ್ರೂ, ಮಲಗಿದ್ರೂ ಅದೇ ಮುಖ. ಬಿಡಿಸೋದು ನನ್ನ ಕೈಲಿಲ್ಲ. ಒಂದೇ ದಾರಿ. ಇವತ್ತು ಹೊತ್ತು ಮುಳುಗೋದ್ರೊಳಗೆ, ನೀನು ಅದೇ ಕಾರಲ್ಲಿ ಕೂತಿರುವಾಗ, ಯಾರಾದ್ರೂ ನಿನ್ನ ಮುಖ ನೋಡಿ ನಿನ್ನನ್ನೇ ಕಾಣ್ಬೇಕು. ಬೇರೆ ಯಾರನ್ನೂ ಅಲ್ಲ."

ಅವನು ಬಾಗಿಲ ಕಡೆ ತಿರುಗಿಯೇ ಬಿಟ್ಟ. ಹೊಟ್ಟೆಯೊಳಗೆ ಯಾರ ಮೇಲೂ ದ್ವೇಷ ಇಲ್ಲದ ಜೀವ ಒಂದಿದ್ದರೆ ಸಾಕು. ಅಂಥ ಜೀವ ಅವನ ಮನೆಯಲ್ಲೇ ಇತ್ತು. ಯಾರ ಮೇಲೂ ದನಿ ಎತ್ತಿದವಳಲ್ಲ ಅಕ್ಕ. ಬೈದವರಿಗೂ ನೀರು ಕೊಟ್ಟು ಕಳಿಸಿದವಳು.

"ಇದಾರೆ, ಒಬ್ರು ಇದಾರೆ," ಎಂದ.

ಹೊಲಿಯುವವಳು ಅವನನ್ನು ನೋಡಿದಳು. ಸೂಜಿಗಳನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡು ಮಿಷನ್ನು ತುಳಿದಳು.

ಮನೆಗೆ ಮಾರುಕಟ್ಟೆಯ ಚೌಕ ದಾಟಿಯೇ ಹೋಗಬೇಕು. ಹೊತ್ತು ಇಳಿಯುತ್ತಿತ್ತು. ಕೆಂಪು ದೀಪ ಬಿತ್ತು. ಹಿಂದೆ ಬಸ್ಸು, ಮುಂದೆ ಆಟೋ. ಕಾರು ಸಿಕ್ಕಿಕೊಂಡಿತು. ಸುಟ್ಟ ಬಟ್ಟೆಯ ಕಮಟು ಗಂಟಲಿಗೆ ಇಳಿಯಿತು.

ಮೊದಲು ಒಬ್ಬ ಬಗ್ಗಿ ನೋಡಿದ. ಆಮೇಲೆ ಇಬ್ಬರು. ಆಮೇಲೆ ಲೆಕ್ಕ ತಪ್ಪಿತು.

"ಭಾವಾ," ಎಂದಿತು ಒಂದು ದನಿ, ಮೆಲ್ಲಗೆ. "ಸಿಕ್ಕಿದ್ಯಲ್ಲ ಭಾವಾ."

"ಮೇಷ್ಟ್ರೇ, ನನ್ನ ಗುರುತು ಸಿಕ್ತಾ?"

"ಅಪ್ಪಾ," ಎಂದಳು ಕಾಲೇಜಿನ ಹುಡುಗಿಯೊಬ್ಬಳು. ಅವಳ ಕೈಯಲ್ಲಿ ಕಲ್ಲಿತ್ತು.

ಗಾಜು ಒಡೆಯಿತು. ಹಣೆಗೆ ಏನೋ ತಾಗಿತು. ಬಿಸಿಯಾಗಿ ಕಣ್ಣಿಗೆ ಇಳಿಯಿತು. ಕೈಗಳು ಒಳಗೆ ಬಂದವು. ಬಳೆ ತೊಟ್ಟ ಕೈ. ಗ್ರೀಸು ಮೆತ್ತಿದ ಕೈ. ಸುಕ್ಕುಗಟ್ಟಿದ ಕೈ. ಒಂದು ಕಾಲರ್ ಹಿಡಿಯಿತು. ಒಂದು ಕೂದಲು ಹಿಡಿಯಿತು. ಅವನು ಕೂಗಿದ, "ನಾನಲ್ಲ, ನಾನು ಅವನಲ್ಲ." ಯಾರೂ ಕೇಳಲಿಲ್ಲ. ಅವರೆಲ್ಲ ಅಳುತ್ತಿದ್ದರು. ಹೊಡೆಯುತ್ತ ಅಳುತ್ತಿದ್ದರು. ಹಸಿರು ದೀಪ. ಆಟೋ ಸರಿಯಿತು. ಅವನು ಕಾಲು ಒತ್ತಿದ. ಅಂಗಿಯ ತೋಳು ಯಾರದೋ ಕೈಯಲ್ಲಿ ಉಳಿಯಿತು.

ಮನೆಯ ಮುಂದಿನ ಗೇಟಿಗೇ ಕಾರು ನುಗ್ಗಿಸಿ ನಿಲ್ಲಿಸಿದ. ಎದುರು ಮನೆಯ ನೀರಿನ ಟ್ಯಾಂಕಿನ ಅಂಚಿಗೆ ಸೂರ್ಯ ತಾಗಿದ್ದ. ಬಿಡದೆ ಹಾರ್ನ್ ಒತ್ತಿದ.

ಅಕ್ಕ ಓಡಿ ಬಂದಳು. "ಅಯ್ಯೋ, ಏನಾಯ್ತೋ? ಇಳಿ, ಇಳಿ ಮೊದಲು."

"ಇಳಿಯಲ್ಲ. ಅಕ್ಕ, ಹತ್ತಿರ ಬಾ. ನನ್ನ ಮುಖ ನೋಡು. ಯಾರು ಕಾಣ್ತಾರೆ ಹೇಳು."

ಅವಳು ಮಂಡಿ ಹಿಡಿದುಕೊಂಡು ಬಗ್ಗಿದಳು. ಒಡೆದ ಗಾಜಿನಾಚೆಯಿಂದ ನೋಡಿದಳು. ತುಂಬ ಹೊತ್ತು ನೋಡಿದಳು.

"ನೀನೇ," ಎಂದಳು.

ಕಮಟು ಹೋಯಿತು. ಯಾರೋ ಕಿಟಕಿ ತೆಗೆದ ಹಾಗೆ, ಒಂದೇ ಉಸಿರಿನಲ್ಲಿ. ಅವನು ನಗುತ್ತ ಅಳುತ್ತ ಅವಳ ಕೈ ಹಿಡಿದ. "ಗೊತ್ತಿತ್ತು ಅಕ್ಕ. ನಿನಗೆ ಯಾರ ಮೇಲೂ ದ್ವೇಷ ಇಲ್ಲ ಅಂತ ನನಗೆ ಗೊತ್ತಿತ್ತು."

ಅವಳು ಕೈ ಬಿಡಿಸಿಕೊಂಡಳು. ಆಗ ಅವನು ಅವಳ ಮುಖ ನೋಡಿದ. ಹಲ್ಲು ಕಚ್ಚಿ ಗಟ್ಟಿಯಾದ ದವಡೆ. ರೆಪ್ಪೆ ಬಡಿಯದ ಕಣ್ಣು. ಸ್ಕೂಟರಿನವನ ಕಣ್ಣು, ಮುದುಕರ ಕಣ್ಣು, ಕಲ್ಲು ಹಿಡಿದ ಹುಡುಗಿಯ ಕಣ್ಣು.

"ನೀನೇ ಕಣೋ," ಎಂದಳು ಅಕ್ಕ. "ಎಷ್ಟು ನೋಡಿದ್ರೂ ನೀನೇ."

ಅವನು ಮೆಡಿಕಲ್ ಎರಡನೇ ವರ್ಷದಲ್ಲಿದ್ದಾಗ ಲೈಬ್ರರಿಯಲ್ಲಿ ಕೆಲಸ ಮಾಡುವವರೊಬ್ಬರು ಅಕ್ಕನ ಔಷಧಿ ಅಂಗಡಿಗೆ ಬರುತ್ತಿದ್ದರು. ಮದುವೆಯ ಮಾತು ಎತ್ತಿದ್ದರು. ಅಕ್ಕ ಹೋದರೆ ಓದು ನಿಲ್ಲುತ್ತದೆ ಎಂದು ಅವನಿಗೆ ದಿಗಿಲಾಯಿತು. ಒಂದು ಸಂಜೆ ಲೈಬ್ರರಿಗೆ ಹೋಗಿ ಹೇಳಿ ಬಂದಿದ್ದ: ಅಕ್ಕನಿಗೆ ಫಿಟ್ಸ್ ಬರುತ್ತೆ, ನಾವು ಯಾರಿಗೂ ಹೇಳಿಲ್ಲ. ಅವರು ಮತ್ತೆ ಬರಲಿಲ್ಲ. ಆ ವಿಷಯ ತನ್ನನ್ನೂ ಲೈಬ್ರರಿಯವರನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ ಎಂದೇ ಅವನು ಇಪ್ಪತ್ತು ವರ್ಷ ನಂಬಿದ್ದ.

"ಹತ್ತು ವರ್ಷ ಬಿಟ್ಟು ಅವರು ಅಂಗಡಿಗೆ ಬಂದಿದ್ರು," ಎಂದಳು ಅಕ್ಕ. "ಮಗಳ ಕೈ ಹಿಡ್ಕೊಂಡು. ಚೀಟಿ ಕೊಟ್ಟು, 'ಈಗ ಫಿಟ್ಸ್ ಹೇಗಿದೆ' ಅಂತ ಕೇಳಿದ್ರು. ಪಾಪ, ಕಾಳಜಿಯಿಂದಲೇ ಕೇಳಿದ್ರು. ಯಾವ ಫಿಟ್ಸು ಅಂತ ನಾನೇ ಅವರನ್ನ ಕೇಳ್ಬೇಕಾಯ್ತು."

"ಅಕ್ಕ... ನನ್ನನ್ನ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ಅದನ್ನೂ ಸಹಿಸ್ಕೋಬೇಕಿತ್ತು." ಅವಳು ಸೆರಗಿನಿಂದ ಕಾರಿನ ಬಾಗಿಲ ಮೇಲೆ ಉಳಿದ ಗಾಜಿನ ಚೂರು ಕೊಡವಿದಳು. "ಒಳಗೆ ಬಾ. ಹಣೆ ತೊಳ್ಕೋ."

ಟ್ಯಾಂಕಿನ ಹಿಂದೆ ಸೂರ್ಯ ಇಳಿದ.

ಮರುದಿನ ಆಸ್ಪತ್ರೆಯಿಂದ ಹೊರಟಾಗ ಅವನು ಅದೇ ಕಾರಿನಲ್ಲಿದ್ದ. ಗಾಜಿರಲಿಲ್ಲ, ಮೈಯೆಲ್ಲ ನೆಗ್ಗಿತ್ತು. ಮಾರುಕಟ್ಟೆಯ ಚೌಕದಲ್ಲಿ ಬಸ್ಸಿನ ಡ್ರೈವರ್ ತಾನೇ ನಿಂತು ಅವನಿಗೆ ದಾರಿ ಬಿಟ್ಟ. ಟ್ರಾಫಿಕ್ ಪೊಲೀಸಿನವನು ಹತ್ತಿರ ಬಂದು ಬಗ್ಗಿ ನೋಡಿ, "ಛೆ, ಎಂಥ ಗಾಡಿಗೆ ಯಾರು ಸಾರ್ ಹೀಗೆ ಮಾಡಿದ್ದು? ತುಂಬಾ ಪೆಟ್ಟಾಯ್ತಾ?" ಎಂದ. ಕಾಲೇಜಿನ ಹುಡುಗಿಯರು ಕೈ ಬೀಸಿದರು. ಯಾರೋ ಗೊತ್ತಿಲ್ಲದ ಮುದುಕರು ಬಿಸಿಲಿಗೆ ಕೈ ಅಡ್ಡ ಹಿಡಿದು ಅವನತ್ತ ನೋಡಿ ನಕ್ಕರು.

ಅವನು ಚೌಕವನ್ನು ಒಂದು ಸುತ್ತು ಹಾಕಿದ. ಮನೆಯ ರಸ್ತೆ ಬಂತು. ತಿರುಗಿಸಲಿಲ್ಲ. ಇನ್ನೊಂದು ಸುತ್ತು ಹಾಕಿದ. ಇಡೀ ಊರಿನಲ್ಲಿ ಈಗ ಅವನನ್ನು ದ್ವೇಷಿಸುವವರು ಒಬ್ಬರೇ. ಆ ಒಬ್ಬರು, ಎಂದಿನಂತೆ, ತಟ್ಟೆ ತೊಳೆದಿಟ್ಟು ಅವನು ಊಟಕ್ಕೆ ಬರುವುದನ್ನು ಕಾಯುತ್ತಿದ್ದರು.