ಅವನು ತೆಗೆದ ಅವಳ ಫೋಟೋ

"ಕ್ಯಾಮೆರಾ ಕೆಳಗಿಳಿಸಿ ಮೇಡಂ!"

ಮೀನು ಕಾರ್ಖಾನೆಯ ಕಾವಲುಗಾರ ತನ್ನ ಅಗಲವಾದ ಅಂಗೈಯನ್ನು ಐಲ್ಸಾಳ ಲೆನ್ಸಿಗೇ ಅಡ್ಡ ಹಿಡಿದಿದ್ದ.

"ಯಾಕ್ರೀ ಇಳಿಸ್ಬೇಕು? ನಾನು ನಿಂತಿರೋದು ರಸ್ತೇಲಿ, ನಿಮ್ಮ ಗೇಟಿನೊಳಗಲ್ಲ. ಯಾವ ಕಾನೂನು ತಡೆಯುತ್ತೆ, ತೋರ್ಸಿ!"

ಅಬರ್ಡೀನ್ ಬಂದರಿನಲ್ಲಿ ಅಂದು ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಕೆಲಸ ಕಳೆದುಕೊಂಡಿದ್ದ ಹೆಂಗಸರು ಗೇಟಿನ ಒಳಗೂ ಹೊರಗೂ ಕೂಗುತ್ತಿದ್ದರು. ಅದನ್ನು ತನ್ನ ಪತ್ರಿಕೆಗೆ ಸೆರೆಹಿಡಿಯಲು ಐಲ್ಸಾ ಬಂದಿದ್ದಳು.

ಕ್ಲಿಕ್!

ಅವಳ ಭುಜದ ಮೇಲಿಂದ ಇನ್ನೊಂದು ಕ್ಯಾಮೆರಾ ಚಾಚಿತ್ತು. ತಿರುಗಿ ನೋಡಿದರೆ ಎದುರಾಳಿ ಪತ್ರಿಕೆಯ ರೂರಿ. ಕೆದರಿದ ಕೆಂಚು ಕೂದಲು, ತುಂಟ ಕಣ್ಣು...

"ಥ್ಯಾಂಕ್ಸ್ ಕಣ್ರೀ. ನೀವು ಜಗಳ ಆಡಿದ್ದಕ್ಕೆ ನನಗೆ ದಾರಿ ಸಿಕ್ತು."

"ನಾಚಿಕೆ ಆಗಲ್ವಾ ನಿಮಗೆ?!"

"ಆಗುತ್ತೆ. ಅದಕ್ಕೇ ಕಾಫಿ ಕುಡಿಸ್ತೀನಿ, ಬನ್ನಿ."

ಮರುದಿನ ಆ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಮೊದಲ ಪುಟಕ್ಕೆ ಬಂತು. ಗೇಟಿನ ಸರಳು ಹಿಡಿದು ನಿಂತ ಲಿಥುವೇನಿಯಾದ ಹೆಂಗಸು ಯುರ್ಗಾ. ಕೂದಲು ಮುಚ್ಚುವ ಕಾರ್ಖಾನೆಯ ನೀಲಿ ಬಲೆ, ತುಂಬಿದ ಕಣ್ಣು. ವಾರದೊಳಗೆ ಕಾರ್ಖಾನೆಯವರು ಎಲ್ಲರನ್ನೂ ಮತ್ತೆ ಕೆಲಸಕ್ಕೆ ಕರೆದರು. ರೂರಿಗೆ ದೊಡ್ಡ ಪ್ರಶಸ್ತಿಯೂ ಬಂತು.

ಕಾಫಿ ಮುಂದೆ ಊಟವಾಯಿತು, ಊಟ ಪ್ರೀತಿಯಾಯಿತು. ಆದರೆ ಐಲ್ಸಾಳ ಎದೆಯಲ್ಲಿ ಒಂದು ಮುಳ್ಳು ಉಳಿದೇ ಇತ್ತು.

'ಅದು ನನಗೆ ಸಿಗಬೇಕಾಗಿದ್ದ ಫೋಟೋ...'

ಪ್ರಶಸ್ತಿ ಸಮಾರಂಭದಲ್ಲಿ ಯಾರೋ ನಗುತ್ತಾ ಅಂದರು: "ಪ್ರೀತಿ ಇಲ್ದೆ ಯಾರೂ ಒಂದು ಮುಖಾನ ಹೀಗೆ ತೆಗೆಯಲ್ಲ ಬಿಡಿ!"

ರೂರಿ ನಕ್ಕ. ಐಲ್ಸಾಳಿಗೆ ಮಾತ್ರ ನಗು ಬರಲಿಲ್ಲ.

ಆಮೇಲೆ ಗುರುವಾರಗಳು ಶುರುವಾದವು. ಪ್ರತಿ ಗುರುವಾರ ಮಧ್ಯಾಹ್ನ ರೂರಿ ಮಾಯ!

"ಎಲ್ಲಿಗೆ ಹೋಗ್ತೀಯ?"

"ಒಂದು ಕೆಲಸ ಇದೆ ಕಣೇ... ನಾನು ಹೇಳೋ ಹಾಗಿಲ್ಲ."

ಮೂರನೇ ಗುರುವಾರ ಅವಳು ತಡೆಯಲಾರದೆ ಹಿಂಬಾಲಿಸಿದಳು.

ಬಂದರಿನ ಬೀದಿಯಲ್ಲಿ ಕರಿದ ಮೀನು, ಚಿಪ್ಸ್ ಮಾರುವ ಪುಟ್ಟ ಹೋಟೆಲು. ಕಿಟಕಿಯ ಪಕ್ಕದ ಮೇಜಿನಲ್ಲಿ ರೂರಿ... ಎದುರಿಗೆ ಯುರ್ಗಾ! ಅವಳು ಅಳುತ್ತಿದ್ದಳು. ಅವಳ ಕೈ ಅವನ ಕೈಯೊಳಗಿತ್ತು.

ಐಲ್ಸಾ ಕಿಟಕಿಯ ಹತ್ತಿರಕ್ಕೆ ಸರಿದಳು. 'ನನ್ನ ಫೋಟೋ ಕಿತ್ಕೊಂಡ. ಈಗ ಆ ಮುಖಕ್ಕೇ ಮನಸ್ಸೂ ಕೊಟ್ಟನಾ?'

ಯೋಚಿಸುವ ಮೊದಲೇ ಕ್ಯಾಮೆರಾ ಕಣ್ಣಿಗೇರಿತ್ತು. ಕ್ಲಿಕ್! ಕ್ಲಿಕ್!

ರೂರಿ ಹೊರಗೋಡಿ ಬಂದ. "ಐಲ್ಸಾ! ಏನ್ ಮಾಡ್ತಿದ್ದೀಯ?"

"ಯಾಕೆ? ರಸ್ತೇಲಿ ನಿಂತಿದ್ದೀನಿ. ತೆಗೆಯೋ ಹಕ್ಕು ನನಗಿದೆ!"

"ಹಕ್ಕಿದೆ, ಇಲ್ಲ ಅನ್ನಲ್ಲ... ಆದ್ರೆ ಯಾಕೆ ತೆಗೆದೆ?"

ಅವಳು ಕ್ಯಾಮೆರಾ ಕೆಳಗಿಳಿಸಿದಳು. ಕಣ್ಣು ತುಂಬಿತು.

ಅಷ್ಟರಲ್ಲಿ ಯುರ್ಗಾ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ನಾನೇ ಹೇಳ್ತೀನಿ, ರೂರಿ. ಇಲ್ಲಿ ಶಾಲೇಲಿ ಟೀಚರ್ ಆಗಿದ್ದೀನಿ ಅಂತ ಊರಲ್ಲಿರೋ ಅಮ್ಮನಿಗೆ ಸುಳ್ಳು ಹೇಳಿದ್ದೆ. ಆ ಫೋಟೋ ನಮ್ಮೂರ ಪತ್ರಿಕೇಲೂ ಬಂತು. ಅವತ್ತಿಂದ ಅಮ್ಮ ಮಾತು ಬಿಟ್ಟಳು. ಇವನು ಕ್ಷಮೆ ಕೇಳೋಕೆ ಬಂದ. 'ಕ್ಷಮೆ ಬೇಡಪ್ಪಾ, ಅಮ್ಮನಿಗೆ ಫೋನ್ ಮಾಡುವಾಗ ಜೊತೆಗೆ ಕೂತ್ಕೋ, ಯಾರಿಗೂ ಹೇಳ್ಬೇಡ' ಅಂದೆ. ಎರಡು ಸಲ ಅವಳು ಫೋನ್ ಇಟ್ಟುಬಿಟ್ಟಳು. ಇವತ್ತು... ಇವತ್ತು 'ಊಟ ಆಯ್ತಾ ಮಗಳೇ' ಅಂದಳು!"

ಐಲ್ಸಾ ನಾಚಿಕೆಯಿಂದ ಕುಗ್ಗಿಹೋದಳು.

"ನನ್ನನ್ನ ಕ್ಷಮಿಸಿ, ಯುರ್ಗಾ. ಈಗಲೇ ಅಳಿಸ್ತೀನಿ."

"ಮೊದಲು ತೋರ್ಸಿ."

ಯುರ್ಗಾ ಪರದೆಯ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. ಚಿತ್ರದಲ್ಲಿ ಕಿಟಕಿ ಗಾಜಿನ ಹಿಂದೆ ಅವಳ ಕೆನ್ನೆ ಒದ್ದೆಯಾಗಿತ್ತು, ತುಟಿ ಮಾತ್ರ ನಗುತ್ತಿತ್ತು.

"ಅಳಿಸ್ಬೇಡಿ. ಅಮ್ಮನಿಗೆ ಕಳಿಸ್ತೀನಿ. ಅವಳ ಹತ್ರ ಇರೋದು ಗೇಟ್ ಹಿಡ್ಕೊಂಡಿರೋ ಮಗಳ ಫೋಟೋ ಒಂದೇ..." ಎಂದು ಅವಳು ಕೋಟು ತರಲು ಒಳಗೆ ಹೋದಳು.

ಐಲ್ಸಾ ತಲೆ ತಗ್ಗಿಸಿದಳು. "ರೂರಿ... ನನಗೆ ಅವಳ ಮೇಲಿಗಿಂತ ಆ ಫೋಟೋ ಮೇಲೇ ಹೆಚ್ಚು ಹೊಟ್ಟೆಕಿಚ್ಚಿತ್ತು."

"ಗೊತ್ತು. ಪ್ರಶಸ್ತಿ ಬಂದಾಗಿಂದ ನಮ್ಮನೆ ಗೋಡೇಲಿ ತೂಗುಹಾಕಿರೋ ಆ ಫೋಟೋ ಕಡೆ ನೀನು ನೋಡಿಯೇ ಇಲ್ಲ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಕೇಳಿದ್ರೆ ನೀನು ಬಿಟ್ಟು ಹೋಗ್ತೀಯ ಅನ್ನೋ ಭಯ."

ಅವನು ಕ್ಯಾಮೆರಾ ತೆಗೆದುಕೊಂಡು ಆ ಚಿತ್ರವನ್ನು ಮತ್ತೊಮ್ಮೆ ದಿಟ್ಟಿಸಿದ. ಮುಖ ಸಪ್ಪಗಾಯಿತು.

"ಏನಾಯ್ತು?"

"ಇದು ನನ್ನದಕ್ಕಿಂತ ಚೆನ್ನಾಗಿದೆ ಕಣೇ! ಹೊಟ್ಟೆ ಉರೀತಿದೆ..."

"ನಿಜವಾಗ್ಲೂ?" ಅವಳ ಕಣ್ಣು ಅರಳಿತು.

"ನಿಜವಾಗ್ಲೂ. ಬದುಕಿಡೀ ನೀನು ಹೀಗೇ ಉರಿಸ್ತಿದ್ರೆ, ನಾನು ಪಕ್ಕದಲ್ಲೇ ಇದ್ದು ಉರ್ಕೊಳ್ತೀನಿ. ಮದ್ವೆ ಆಗ್ತೀಯಾ?"

ಐಲ್ಸಾ ಅವನ ಎದೆಗೆ ಒರಗಿದಳು.

"ಆಗ್ತೀನಿ... ಆದ್ರೆ ಇನ್ಮೇಲೆ ನನ್ನ ಭುಜದ ಮೇಲಿಂದ ಫೋಟೋ ತೆಗೆದ್ರೆ ನೋಡು!"