ಸೊಟ್ಟ ಚೆಂಬೂ ಸಾವಿರ ದುಂಬಿಗಳೂ

ಬಹಳ ಹಿಂದೆ, ನವಿಲುಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹೂವಿನಕೋಟೆ ಎಂಬ ರಾಜ್ಯಕ್ಕೆ ನಾನೇ ರಾಜನಾಗಿದ್ದೆ. ಇಲ್ಲ, ಸುಳ್ಳು. ರಾಜನ ಕುದುರೆಗೆ ಹುಲ್ಲು ಹಾಕುವವನ ಪರಿಚಯವೂ ನನಗಿರಲಿಲ್ಲ. ಆದರೆ ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ.

ಆ ರಾಜ್ಯದಲ್ಲಿ ದವನವ್ವ ಎಂಬ ಹೂವಾಡಗಿತ್ತಿ ಇದ್ದಳು. ಅವಳು ಕಟ್ಟಿದ ಮಾಲೆಯಲ್ಲಿ ಒಂದು ಮೊಗ್ಗೂ ಆಚೀಚೆ ಇರುತ್ತಿರಲಿಲ್ಲ. ಗಂಡ ಸಿಂಗ್ರಯ್ಯ ಇದಕ್ಕೆ ತದ್ವಿರುದ್ಧ. ಹಿತ್ತಲಿನಲ್ಲಿ ದಾಸವಾಳ, ಕರ್ಣಕುಂಡಲ, ಕಾಮಕಸ್ತೂರಿ, ಶಂಖಪುಷ್ಪದ ಬಳ್ಳಿ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಎಲೆ ಸಮೇತ ಕೊಯ್ದು ಅಟ್ಟದ ಹಳೇ ಪಾತ್ರೆಗಳಿಗೆ ಇಳಿಬಿಡುತ್ತಿದ್ದ. ಅಜ್ಜಿಯ ಕಾಲದ ಉಪ್ಪಿನಕಾಯಿ ಭರಣಿ, ಮೂತಿ ಹೋದ ಗಿಂಡಿ, ಸೊಟ್ಟ ಹಿತ್ತಾಳೆ ಚೆಂಬು, ಯಾವುದಾದರೂ ಸರಿ.

ಒಮ್ಮೆ ಬೂದಿಗಣ್ಣನೆಂಬ ಮಾಟಗಾರ ಬಂದು, ರಾಜನಿಗೆ ಮಂಕು ಕವಿಸಿ ಮೂಲೆಯಲ್ಲಿ ಕೂರಿಸಿದ. ಇನ್ನು ಮೇಲೆ ಹೂವೆಲ್ಲ ಚಿನ್ನ ಬೆಳ್ಳಿಯ ಕಲಶದಲ್ಲಿ, ಒಂದೇ ಎತ್ತರಕ್ಕೆ, ನೆಟ್ಟಗೆ ನಿಲ್ಲಬೇಕೆಂದು ಡಂಗುರ ಸಾರಿಸಿದ. ತಪ್ಪಿದವರೆಲ್ಲ ದುಂಬಿಗಳಾದರು. ಸಿಂಗ್ರಯ್ಯ ಮಾಡಿದ್ದೇನು? ಭರಣಿಯ ತುಂಬ ಹೂ ತುರುಕಿ ನೇರ ಸಿಂಹಾಸನದ ಪಕ್ಕಕ್ಕೇ ಇಟ್ಟ. ಗುಂಯ್. ಸಾವಿರನೆಯ ದುಂಬಿಯಾದ.

ದವನವ್ವ ಸೆರಗು ಸಿಕ್ಕಿಸಿ ಅರಮನೆಗೆ ಓಡಿದಳು. ಬಾಗಿಲಲ್ಲಿ ಎರಡು ತಲೆಯ ಹುಲಿ. ಒಂದು ತಲೆ ಆಕಳಿಸುವಷ್ಟರಲ್ಲಿ ಇನ್ನೊಂದರ ಕಿವಿಗೆ ಮಲ್ಲಿಗೆ ಮುಡಿಸಿ ಒಳಗೆ ನುಗ್ಗಿದಳು.

“ನಮ್ಮ ಮನೆಯವರನ್ನು ಬಿಡಿ.”

“ಮೂರು ಸಲ ಹೂ ಇಡು, ಅದಕ್ಕೆ ಬರುವ ಸಾವಿರ ದುಂಬಿಗಳಲ್ಲಿ ನಿನ್ನ ಗಂಡ ಯಾರೆಂದು ತೋರಿಸು,” ಎಂದ ಬೂದಿಗಣ್ಣ. “ಸೂರ್ಯ ಮುಳುಗಿದರೆ ತಾನು ಮನುಷ್ಯನಾಗಿದ್ದೆ ಅನ್ನೋದೇ ಅವನಿಗೆ ಮರೆತುಹೋಗುತ್ತೆ. ಹೆಸರು ಹಿಡಿದು ಕೂಗುವ ಹಾಗಿಲ್ಲ.”

“ಗಂಡನ ಹೆಸರು ನಾನ್ಯಾವತ್ತು ಕೂಗಿದ್ದೀನಿ? ಅದಕ್ಕೆ ನಿಮ್ಮ ಅಪ್ಪಣೆ ಬೇರೆ ಬೇಕಾ?”

ಮೊದಲ ಸಲ ಚಿನ್ನದ ಕಲಶಕ್ಕೆ ಮಲ್ಲಿಗೆ ದಂಡೆ ಸುತ್ತಿದಳು, ಒಂದು ಎಸಳೂ ಅಲುಗದ ಹಾಗೆ. ಸಾವಿರ ದುಂಬಿಗಳು ಬಂದು ಸಾಲಾಗಿ ಕೂತವು. ಎಲ್ಲವೂ ಕಪ್ಪು, ಎಲ್ಲಕ್ಕೂ ಮೀಸೆ.

ಎರಡನೇ ಸಲ ಬೆಳ್ಳಿಯ ಕಲಶದಲ್ಲಿ ಸೇವಂತಿಗೆ ಇಟ್ಟಳು, ದಂಟುಗಳನ್ನು ಅಳೆದು ಕತ್ತರಿಸಿ. ಸಾವಿರ ದುಂಬಿಗಳು ಮತ್ತೆ ಸಾಲಾಗಿ ಕೂತವು.

“ಭಲೇ, ಕೈ ಅಂದರೆ ಇದು. ನನ್ನ ಆಸ್ಥಾನಕ್ಕೇ ಬಂದುಬಿಡು,” ಎಂದು ಬೂದಿಗಣ್ಣ ಹಲ್ಲು ಕಿರಿದ.

ದವನವ್ವ ಕತ್ತರಿ ಕೆಳಗಿಟ್ಟಳು. ಈ ಮಾಟಗಾರನಿಗೆ ಹಿಡಿಸುವ ಹೂವಿನಲ್ಲಿ ತನ್ನ ಗಂಡ ಹೇಗೆ ಸಿಕ್ಕಾನು? ಬಿಸಿಲು ಆಗಲೇ ಗೋಪುರದ ತುದಿಗೆ ಹತ್ತಿತ್ತು. ಒಂದೇ ಓಟಕ್ಕೆ ಹಿತ್ತಲು ಸೇರಿದಳು, ಕೈಗೆ ಸಿಕ್ಕಿದ್ದನ್ನು ಕೊಯ್ದಳು, ಸೊಟ್ಟ ಚೆಂಬಿಗೆ ತುಂಬಿ ತಂದು ಸಭೆಯ ನಡುವೆ ಇಟ್ಟಳು. ಬಳ್ಳಿ ಜೋತುಬಿತ್ತು, ದಾಸವಾಳ ಒಂದು ಕಡೆಗೆ ವಾಲಿತು. ದುಂಬಿಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಗಿರಗಿರ ಸುತ್ತಿದವು.

ಆದರೆ ದವನವ್ವನ ಕೈ ಕೇಳಬೇಕಲ್ಲ. ವಾಲಿದ ದಾಸವಾಳವನ್ನು ನೆಟ್ಟಗೆ ಮಾಡಲು ತಾನಾಗಿಯೇ ಚಾಚಿತು. ಒಂದು ದುಂಬಿ ಬಾಣದಂತೆ ಬಂದು ಬೆರಳಿಗೆ ಢಿಕ್ಕಿ ಹೊಡೆಯಿತು. ಮತ್ತೆ ಚಾಚಿದಳು, ಮತ್ತೆ ಢಿಕ್ಕಿ. ಮೂರನೇ ಸಲ ಕುಟುಕಿಯೇ ಬಿಟ್ಟಿತು.

ದವನವ್ವ ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. ಮನೆಯಲ್ಲಿ ಅವಳು ಹೂ ಸರಿಮಾಡಲು ಹೋದಾಗಲೆಲ್ಲ ಸಿಂಗ್ರಯ್ಯ “ಇರಲಿ ಬಿಡೇ” ಎಂದು ಕೈಗೆ ತಟ್ಟುತ್ತಿದ್ದುದು ಹೀಗೆಯೇ.

“ಇವರೇ,” ಎಂದಳು.

ದೊಪ್ಪೆಂದು ಸಿಂಗ್ರಯ್ಯ ನೆಲಕ್ಕೆ ಬಿದ್ದ, ಮೂಗಿನ ತುಂಬ ಪರಾಗ.

ಬೂದಿಗಣ್ಣನಿಗೆ ತಡೆಯಲಾಗಲಿಲ್ಲ. ಚೆಂಬನ್ನಾದರೂ ನೆಟ್ಟಗೆ ಮಾಡುತ್ತೇನೆಂದು ಹಿಡಿದ. ಇತ್ತ ಒತ್ತಿದರೆ ಅತ್ತ ವಾಲಿತು, ಅತ್ತ ಒತ್ತಿದರೆ ಇತ್ತ. ಚೆಂಬಿನ ಸುತ್ತ ಬುಗುರಿಯಂತೆ ತಿರುಗಿ ತಿರುಗಿ ಒಂದು ಹಿಡಿ ಬೂದಿಯಾದ. ಉಳಿದ ದುಂಬಿಗಳೆಲ್ಲ ಮನುಷ್ಯರಾಗಿ ಮೈ ಕೊಡವಿ ಎದ್ದವು. ರಾಜನ ಮಂಕು ಇಳಿಯಿತು. ಮನೆಮನೆಯ ಅಟ್ಟದಿಂದ ಭರಣಿ, ಗಿಂಡಿ, ಚೆಂಬುಗಳು ಇಳಿದು ಬೀದಿಯ ಉದ್ದಕ್ಕೂ ಹೂ ತುಂಬಿಕೊಂಡವು.

“ಕುಟುಕೋದೇನಿತ್ತು ನಿಮಗೆ?” ಎಂದಳು ದವನವ್ವ, ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಾ.

“ಮೂರನೇ ಸಲ ಮುಟ್ಟೋದೇನಿತ್ತು ನಿನಗೆ?”

ಹೀಗೇ ಜಗಳವಾಡುತ್ತಾ ಅವರಿಬ್ಬರೂ ನೂರು ಕಾಲ ಸುಖವಾಗಿದ್ದರು, ಊರೂ ಸುಖವಾಗಿತ್ತು. ಗಂಟಲು ಒಣಗಿದ್ದು ನನ್ನೊಬ್ಬನದೇ. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ, ಸ್ವಾಮಿ.