ಮುಬೀನಾ ಓದಿದ ಸಕ್ಕರೆ

"ತಗೋ ಕಣೇ, ನಿಮ್ಮ ದಾದಾ ಹತ್ರ ಓದಿಸ್ಕೊಂಡು ಬಾ" ಎಂದು ಅದೇ ಕ್ಲಾಸಿನ ಗೆಳತಿ ಕೀರ್ತನ ಸಕ್ಕರೆ ಪೊಟ್ಟಣವನ್ನು ಮುಬೀನಾಳ ಕೈಗೆ ತುರುಕಿದಳು. "ನಾಳೆ ಮ್ಯಾಥ್ಸ್ ಟೆಸ್ಟು. ಹೋದ್ಸಲ ಐವತ್ತಕ್ಕೆ ಹನ್ನೊಂದು. ಈ ಸಲಾನೂ ಫೇಲಾದ್ರೆ ನಮ್ಮಪ್ಪ ಬೆನ್ನಿಗೆ ನಾಕು ಬಿಡ್ತಾರೆ."

ಮುಬೀನಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅವಳ ದಾದಾ, ಅಂದರೆ ಅಜ್ಜ, ಗೌಸ್ ಪೀರ್ ಹಜ್ರತ್ ಹೊಸಕೋಟೆಯ ಆ ಬೀದಿಗೆಲ್ಲ ದೊಡ್ಡ ವಿದ್ವಾಂಸರು. ಗುರುವಾರ ಸಂಜೆ ಯಾವ ಜಾತಿಯವರು ಸಕ್ಕರೆ ತಂದರೂ ಅದನ್ನು ಮುಂದಿಟ್ಟುಕೊಂಡು ಕುರಾನಿನ ನಾಲ್ಕು ಸಾಲು ಓದಿ, ಒಳ್ಳೆಯದಾಗಲಿ ಎಂದು ಬೇಡಿ ಕೊಡುತ್ತಿದ್ದರು. ಅಲ್ಲಿದ್ದ ಮಕ್ಕಳಿಗೆ ಒಂದೊಂದು ಚಿಟಿಕೆ ಗ್ಯಾರಂಟಿ.

ಅದಕ್ಕೀಗ ಅಫ್ಸರ್ ಚಾಚಾ ಅಡ್ಡ ನಿಂತಿದ್ದ. ಅವನು ದಾದಾರ ಕಿರಿಯ ಮಗ. ಪಿಲ್ಲಗುಂಪೆಯ ಫ್ಯಾಕ್ಟರಿಗೆ ಸೇರಿದ ಮೇಲೆ ಅವನಿಗೆ ಹೊಸ ಗೆಳೆಯರು, ಹೊಸ ಪುಸ್ತಕಗಳು. "ಸಕ್ಕರೆ ಓದೋದು, ದರ್ಗಾಕ್ಕೆ ಹೋಗೋದು, ಇವೆಲ್ಲ ಪ್ರವಾದಿಯವರ ಕಾಲದಲ್ಲಿ ಇರ್ಲಿಲ್ಲ. ಆಮೇಲೆ ಸೇರಿಸಿದ್ದು. ಬಿಡ್ಬೇಕು" ಅನ್ನುತ್ತಿದ್ದ. ದಾದಾ ಕಪಾಟಿನಿಂದ ತಮ್ಮ ಹಳೇ ಪುಸ್ತಕ ತೆಗೆಯುತ್ತಿದ್ದರು. ಇಬ್ಬರೂ ಪುಸ್ತಕ ಬಿಚ್ಚಿದರೆ ಮುಗಿಯಿತು, ಸಾರು ಆರಿ ತಣ್ಣಗಾಗುತ್ತಿತ್ತು.

ನಿನ್ನೆಯಂತೂ ಚಾಚಾ, "ಇನ್ನೊಂದು ಪೊಟ್ಟಣ ಒಳಗೆ ಬಂದ್ರೆ ನಾನು ಪಿಲ್ಲಗುಂಪೇಲೇ ರೂಮ್ ಮಾಡ್ತೀನಿ" ಅಂದುಬಿಟ್ಟಿದ್ದ. ಚಾಚಾ ಹೋದರೆ ಸೈಕಲ್ ಮೇಲೆ ಡಬಲ್ ರೈಡ್ ಯಾರು ಕೊಡಬೇಕು? ಮನೆಯಲ್ಲಿ ಎಲ್ಲರನ್ನೂ ನಗಿಸುವವರು ಯಾರು?

ಮುಬೀನಾ ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹಿಂದೆ ಕೂತಳು. ತಲೆಗೆ ಟವೆಲ್ ಹೊದ್ದು, ಬಾಯಿಪಾಠ ಬರುತ್ತಿದ್ದ ಕುರಾನಿನ ಸಣ್ಣ ಸಣ್ಣ ಅಧ್ಯಾಯಗಳನ್ನೆಲ್ಲ ಓದಿದಳು. ದಾದಾರ ಹಾಗೇ ನಡುವೆ ಎರಡು ಸಲ ಕೆಮ್ಮಿದಳು ಕೂಡ. "ಅಲ್ಲಾಹ್, ಕೀರ್ತನ ಪಾಸಾಗ್ಲಿ. ಚಾಚಾ ಮನೇಲೇ ಇರ್ಲಿ." ಆಮೇಲೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಪೊಟ್ಟಣವನ್ನು ಕೀರ್ತನಳಿಗೆ ಕೊಟ್ಟು ಬಂದಳು.

ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಮುಬೀನಾ ತಟ್ಟೆ ಪಕ್ಕಕ್ಕೆ ಸರಿಸಿದಳು. "ದಾದಾ, ನಾನು ಕಳ್ಳ ಸಕ್ಕರೆ ಓದ್ಬಿಟ್ಟೆ" ಎಂದು ಅಳುತ್ತಾ ಎಲ್ಲವನ್ನೂ ಹೇಳಿದಳು.

ದಾದಾ ಗಡ್ಡ ನೀವಿಕೊಂಡರು. "ಏನು ಓದ್ದೆ?"

"ಅಲ್ಹಮ್ದು. ಆಮೇಲೆ ಮೂರು ಕುಲ್."

"ಬೇಡಿದ್ದು ಯಾರ ಹತ್ರ?"

"ಅಲ್ಲಾಹ್ ಹತ್ರ."

"ತಿಂದಿದ್ದು?"

"ಕೀರ್ತನ... ನಾನೂ ಒಂದ್ ಚೂರು."

ದಾದಾ ಮಗನ ಕಡೆ ತಿರುಗಿದರು. "ಅಫ್ಸರ್, ಕುರಾನ್ ಓದೋದು ತಪ್ಪೇನಪ್ಪಾ? ದೇವರಲ್ಲಿ ಬೇಡೋದು? ಮಕ್ಕಳಿಗೆ ಸಿಹಿ ಕೊಡೋದು?"

"ಒಂದೂ ತಪ್ಪಲ್ಲ, ಅಬ್ಬಾಜಾನ್."

"ಮೂರೂ ಒಳ್ಳೇದೇ ಆದ್ಮೇಲೆ, ಒಟ್ಟಿಗೆ ಸೇರಿಸಿದ್ರೆ ಕೆಟ್ಟದ್ದು ಹೆಂಗಾಗುತ್ತೆ? ನಮ್ಮ ಉಸ್ತಾದರು ಇದನ್ನೇ ಕೇಳ್ತಿದ್ರು."

ಚಾಚಾ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. "ಆದ್ರೆ ಜನ ಸಕ್ಕರೇಲೇ ಶಕ್ತಿ ಇದೆ ಅಂದ್ಕೊಂಡಿದಾರಲ್ಲ? ಪುಸ್ತಕ ಮುಟ್ಟದೆ ಸಕ್ಕರೆ ಮುಕ್ತಾರೆ."

ದಾದಾ ತುತ್ತು ಹಿಡಿದುಕೊಂಡೇ ಯೋಚಿಸಿದರು. "ಅದು ನಿಜ. ಹೇಳ್ಬೇಕಾದೋನು ನಾನು, ಹೇಳ್ಲಿಲ್ಲ. ಗುರುವಾರ ನೀನು ಬಾಗಿಲಲ್ಲಿ ಕೂತು ಹೇಳು. ರೂಮ್ ವಿಷಯ ಆಮೇಲೆ."

"ನಾನಂತೂ ಓದಿಸಲ್ಲ" ಅಂದ ಚಾಚಾ. ಆದರೆ ತಟ್ಟೆ ಮುಂದೆ ಹಿಡಿದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಮುಂದಿನ ಗುರುವಾರ ಸಂಜೆ ಚಾಚಾ ಬಾಗಿಲಿಗೆ ಸೈಕಲ್ ಅಡ್ಡ ನಿಲ್ಲಿಸಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದ. ಕೀರ್ತನ ದೊಡ್ಡ ಪೊಟ್ಟಣ, ಲೆಕ್ಕದ ನೋಟ್‌ಬುಕ್ಕು ಹಿಡಿದು ಓಡಿ ಬಂದಳು.

"ಮೂವತ್ತೆಂಟು ಕಣೇ! ನಿಮ್ಮ ದಾದಾ ಸಕ್ಕರೆ ಏನ್ ಪವರ್ರು!"

"ಅದು ದಾದಾ ಓದಿದ್ದಲ್ಲ, ನಾನು ಓದಿದ್ದು."

ಕೀರ್ತನ ಕಣ್ಣರಳಿಸಿದಳು. "ಹಂಗಾದ್ರೆ ನಿಂಗೂ ಪವರ್ ಐತಾ?"

"ನಾನೂ ಅದೇ ಸಕ್ಕರೆ ತಿಂದೆ. ನಂಗೆ ಹದಿನಾರು" ಎಂದಳು ಮುಬೀನಾ, ನೆಲ ನೋಡುತ್ತ. "ನೀನು ಲೆಕ್ಕ ಮಾಡ್ದೆ, ನಾನು ಮಾಡ್ಲಿಲ್ಲ."

ಚಾಚಾ ಕಿಸಕ್ಕನೆ ನಕ್ಕ. ಒಳಗಿಂದ ದಾದಾ ನಗುವುದೂ ಕೇಳಿಸಿತು. ಇಬ್ಬರೂ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ.

ಮುಬೀನಾ ಪೊಟ್ಟಣ ತೆಗೆದುಕೊಂಡು ಚಾಚಾನ ಮುಖ ನೋಡಿದಳು. ಅವನು ಅಡ್ಡ ಇದ್ದ ಸೈಕಲ್ಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ.

ಅವಳು ಒಳಗೆ ಹೋದಳು. ಒಂದು ಕೈಯಲ್ಲಿ ಸಕ್ಕರೆ, ಇನ್ನೊಂದು ಕೈಯಲ್ಲಿ ಕೀರ್ತನಳಿಂದ ಇಸಿದುಕೊಂಡ ಲೆಕ್ಕದ ನೋಟ್‌ಬುಕ್ಕು.